ಬಾಂಬು ಹೊತ್ತ ಟಾಮ್‌ಕ್ಯಾಟ್: ಡಿಸಿಎಸ್ ಎಫ್-14 ಮಾಡ್ಯೂಲ್ ಭೂದಾಳಿಗೆ ಎಷ್ಟು ಒದಗುತ್ತದೆ?

ಮೊದಲೇ ಹೇಳಿಬಿಡುವುದು ವಾಸಿ. ನೆಲದ ಮೇಲಿನ ಗುರಿಗೆ ಬಾಂಬು ಹಾಕುವುದಷ್ಟೇ ನಿಮ್ಮ ಆಸೆಯಾಗಿದ್ದರೆ ಡಿಸಿಎಸ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ಗೆ ಹೀಟ್‌ಬ್ಲರ್ ಕಂಪನಿಯವರು ಮಾಡಿದ ಎಫ್-14 ಟಾಮ್‌ಕ್ಯಾಟ್ ಮಾಡ್ಯೂಲ್ (ಬೇರೆಯಾಗಿ ಕೊಳ್ಳಬೇಕಾದ ವಿಮಾನ) ಕೊಳ್ಳಬೇಡಿ. ಅದೇ ಸಿಮ್ಯುಲೇಟರ್‌ನಲ್ಲಿ ಎಫ್/ಎ-18ಸಿ ಹಾರ್ನೆಟ್ ಇದೆ. ಅದರಲ್ಲಿ ಒಬ್ಬರೇ ಕೂತು, ಇದರ ಅರ್ಧದಷ್ಟು ಗುಂಡಿ ಒತ್ತಿ ಕೆಲಸ ಮುಗಿಸಬಹುದು. ಆದರೆ ಆಕಾಶದಲ್ಲಿ ವೈರಿ ವಿಮಾನಗಳನ್ನು ಹೊಡೆಯಲೆಂದೇ ಹುಟ್ಟಿದ ವಿಮಾನಕ್ಕೆ ಬಾಂಬು ಕಟ್ಟಿ ಕಳಿಸಿದರೆ ಎಲ್ಲಿ ತೊಡಕಾಗುತ್ತದೆ, ಎಲ್ಲಿ ಅದು ಹಾರ್ನೆಟ್ಟನ್ನೂ ಮೀರಿಸುತ್ತದೆ ಎಂದು ಕೈಯಾರೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮಾಡ್ಯೂಲ್ ಇಲ್ಲ. 2019ರ ಮಾರ್ಚ್‌ನಲ್ಲಿ ಬಂದ ಈ ಮಾಡ್ಯೂಲಿನ ಫೀನಿಕ್ಸ್ ಕ್ಷಿಪಣಿ, ರೇಡಾರ್, ವಿಮಾನ-ವಿಮಾನಗಳ ಹತ್ತಿರದ ಕಾಳಗದ ಬಗ್ಗೆ ಸಾಕಷ್ಟು ಬರಹಗಳಿವೆ. ಹಾಗಾಗಿ ಇಲ್ಲಿ ಮಾತು ಬಾಂಬಿನದು ಮಾತ್ರ.

ಹಿನ್ನೆಲೆ ತಿಳಿದಿದ್ದರೆ ಕಾಕ್‌ಪಿಟ್ಟಿನ ಅವ್ಯವಸ್ಥೆ ಅರ್ಥವಾಗುತ್ತದೆ. ಭೂದಾಳಿಗೆಂದು ಒಂದು ಪೌಂಡ್ ತೂಕವನ್ನೂ ಸೇರಿಸುವುದಿಲ್ಲ ಎಂದು ಹಠ ಹಿಡಿದದ್ದು ಎಫ್-15 ಯೋಜನೆಯವರು. ಎಫ್-14 ಹಾಗಲ್ಲ. ಬಾಂಬು ಹಾಕುವ ಲೆಕ್ಕಾಚಾರ ಅದರ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು, ಬಳಸುವವರು ಇರಲಿಲ್ಲ ಅಷ್ಟೆ. ಅಮೆರಿಕದ ನೌಕಾಪಡೆಗೆ ಆ ಕೆಲಸಕ್ಕೆ ಎ-6, ಎ-7 ವಿಮಾನಗಳಿದ್ದವು. ಶೀತಲಯುದ್ಧ ಮುಗಿದು ಎ-6 ನಿವೃತ್ತಿಯ ಹಾದಿ ಹಿಡಿದಾಗ ಟಾಮ್‌ಕ್ಯಾಟ್‌ಗೆ ಬಾಂಬಿನ ಕೆಲಸ ಬಂತು. 1995ರ ಸೆಪ್ಟೆಂಬರ್ 5ರಂದು ಬೋಸ್ನಿಯಾದಲ್ಲಿ ವಿಎಫ್-41 ದಳದ ಟಾಮ್‌ಕ್ಯಾಟ್‌ಗಳು ಮೊದಲ ಸಲ ಯುದ್ಧದಲ್ಲಿ ಬಾಂಬು ಹಾಕಿದವು. ಆಗ ಅವುಗಳಿಗೆ ಬಾಂಬಿಗೆ ದಾರಿ ತೋರಿಸುವ ಸ್ವಂತ ಲೇಸರ್ ಇರಲಿಲ್ಲ, ಗುರಿಗೆ ಲೇಸರ್ ಹಿಡಿದದ್ದು ಹಾರ್ನೆಟ್‌ಗಳು. 1996ರಲ್ಲಿ ವಿಎಫ್-103 ದಳ ಗುರಿ ಹುಡುಕಿ ಲೇಸರ್ ಹಿಡಿಯುವ ಲ್ಯಾಂಟರ್ನ್ ಪಾಡ್ ಕಟ್ಟಿಕೊಂಡು ಎಂಟರ್‌ಪ್ರೈಸ್ ಹಡಗಿನಲ್ಲಿ ಹೊರಟಿತು. ಅಲ್ಲಿಂದ 2006ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾಗುವವರೆಗೂ ಈ ವಿಮಾನದ ಅನ್ನ ನಡೆದದ್ದು ಬಾಂಬಿನಿಂದಲೇ. ನಮ್ಮ ಮಿರಾಜ್-2000 ಕಥೆಯೂ ಹೆಚ್ಚುಕಡಿಮೆ ಇದೇ ಜಾಡಿನದು. ಪಾಕಿಸ್ತಾನದ ಎಫ್-16ಕ್ಕೆ ಉತ್ತರವಾಗಿ ಬಂದ ಅದು ಹೆಸರು ಮಾಡಿದ್ದು 1999ರಲ್ಲಿ ಟೈಗರ್ ಹಿಲ್ ಮೇಲೆ ಲೇಸರ್ ಬಾಂಬು ಹಾಕಿ. ಮುಂದೆ ಅದರ ಮೇಲ್ದರ್ಜೆಯ ಕೆಲಸ ನಡೆದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಮಾಡ್ಯೂಲಿನಲ್ಲಿ ಎ, ಬಿ ಎರಡೂ ಮಾದರಿಗಳಿವೆ. ಬಾಂಬಿಗೆ ಬಿ ಆರಿಸಿ. ಎ ಮಾದರಿಯ ಟಿಎಫ್30 ಎಂಜಿನ್ ಮೂಗು ಎತ್ತಿದ ಸ್ಥಿತಿಯಲ್ಲಿ ಥ್ರಾಟಲ್ ಎಳೆದಾಡಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ಬಾಂಬು ಬಿಟ್ಟು ಮೇಲೆಳೆಯುವ ಹೊತ್ತು ಸರಿಯಾಗಿ ಅಂಥದ್ದೇ. ಬಿ ಮಾದರಿಯ ಎಫ್110 ಎಂಜಿನ್‌ಗೆ ಆ ರೋಗವಿಲ್ಲ.

ಹೊಟ್ಟೆಯಡಿಯ ಸುರಂಗದಲ್ಲಿ 3, 4, 5, 6ನೇ ಸ್ಟೇಷನ್‌ಗಳಿವೆ, ಅಂದರೆ ಆಯುಧ ತೂಗುಹಾಕುವ ಜಾಗಗಳು. ಫೀನಿಕ್ಸ್ ತೂಗುವ ಜಾಗದಲ್ಲೇ ಬಾಂಬು ತೂಗುತ್ತದೆ. ಪಟ್ಟಿಯಲ್ಲಿ 500 ಪೌಂಡಿನ ಮಾರ್ಕ್-82ರಿಂದ 2,000 ಪೌಂಡಿನ ಮಾರ್ಕ್-84ರವರೆಗಿನ ಮಾಮೂಲಿ ಬಾಂಬುಗಳು, ರಾಕ್‌ಐ ಕ್ಲಸ್ಟರ್, ಜೂನಿ ರಾಕೆಟ್, ಲೇಸರ್ ಬಾಂಬುಗಳಾದ ಜಿಬಿಯು-10, 12, 16, 24, ಶತ್ರು ರೇಡಾರನ್ನು ಕೆಣಕಿ ಎಬ್ಬಿಸುವ ಟಾಲ್ಡ್ ಹುಸಿಗುರಿ, ಎಲ್ಲವೂ ಇವೆ. ಜಿಪಿಎಸ್ ಬಾಂಬು ಇಲ್ಲ, ನೆಲದ ಗುರಿ ಹೊಡೆಯುವ ಮಾವೆರಿಕ್ ಕ್ಷಿಪಣಿ ಇಲ್ಲ, ರೇಡಾರ್ ಹೊಡೆಯುವ ಹಾರ್ಮ್ ಕ್ಷಿಪಣಿ ಇಲ್ಲ. ವಿಮಾನ ನಿವೃತ್ತಿಗೆ ಕೆಲವೇ ವರ್ಷ ಮುಂಚೆ ಜೆಡ್ಯಾಮ್ ಎಂಬ ಜಿಪಿಎಸ್ ಬಾಂಬು ಹೊತ್ತದ್ದು ನಿಜ, ಆದರೆ ಈ ಮಾಡ್ಯೂಲಿನ ಬಿ ಮಾದರಿ 1990ರ ದಶಕದ್ದು. ಮೋಡ ಕವಿದ ದಿನ ಲೇಸರ್ ನೆಲ ಮುಟ್ಟುವುದಿಲ್ಲ, ಬಾಂಬೂ ದಾರಿ ಕಾಣುವುದಿಲ್ಲ. ಮಿಷನ್ ಎಡಿಟರ್‌ನಲ್ಲಿ ಹವಾಮಾನ ಇಡುವಾಗ ಇದನ್ನು ಮರೆಯಬಾರದು.

ಈಗ ಮಾಮೂಲಿ ಬಾಂಬಿನ ವಿಷಯ. ಇಲ್ಲಿ ಹೊಸಬರನ್ನು ಕಂಗೆಡಿಸುವ ಸಂಗತಿ ಒಂದೇ: ಬಾಂಬು ಬಿಡುವ ಗುಂಡಿ ಮುಂದಿನ ಸೀಟಿನ ಪೈಲಟ್ ಕೈಯಲ್ಲಿ, ಬಾಂಬನ್ನು ಸಿದ್ಧಗೊಳಿಸುವ ಇಡೀ ಫಲಕ ಹಿಂದಿನ ಸೀಟಿನಲ್ಲಿ ಕೂತು ರೇಡಾರ್, ಆಯುಧ ನೋಡಿಕೊಳ್ಳುವ 'ರಿಯೊ' ಮುಂದೆ. ಪೈಲಟ್ ಮಾಡಬೇಕಾದ್ದು ಕಡಿಮೆ. ಡಿಸ್‌ಪ್ಲೇ ಫಲಕದಲ್ಲಿ ಏರ್-ಟು-ಗ್ರೌಂಡ್ ಗುಂಡಿ ಒತ್ತುವುದು, ಆಯುಧಗಳ ಮುಖ್ಯ ಸ್ವಿಚ್ಚಾದ ಮಾಸ್ಟರ್ ಆರ್ಮ್ ಮೇಲೆತ್ತುವುದು. ರಿಯೊ ಮಾಡಬೇಕಾದ್ದು ಹೆಚ್ಚು. ಆಯುಧದ ಚಕ್ರ ತಿರುಗಿಸಿ ಕಟ್ಟಿರುವ ಬಾಂಬಿನ ಹೆಸರಿಗೇ ತರಬೇಕು; ಬೇಕಾದ ಸ್ಟೇಷನ್‌ಗಳ ಸ್ವಿಚ್ ಎತ್ತಬೇಕು; ದಾಳಿಯ ಮೋಡ್ ಆರಿಸಬೇಕು; ಒಂದೊಂದಾಗಿ ಬೀಳಬೇಕೇ ಸಾಲಾಗಿ ಬೀಳಬೇಕೇ, ಎಷ್ಟು ಅಂತರದಲ್ಲಿ ಎಂಬುದನ್ನು ಹೇಳಬೇಕು; ಕೊನೆಗೆ ಬಾಂಬನ್ನು ಸಿಡಿಸುವ ಫ್ಯೂಸ್.

ಆ ಫ್ಯೂಸ್ ಸ್ವಿಚ್ ಬಗ್ಗೆ ಒತ್ತಿ ಹೇಳಲೇಬೇಕು. ಮೆಕ್ಯಾನಿಕಲ್ ಫ್ಯೂಸ್ ಸ್ವಿಚ್ 'ಸೇಫ್'ನಲ್ಲಿ ಉಳಿದರೆ ಬಾಂಬು ಚೆಂದಾಗಿ ಬೇರ್ಪಡುತ್ತದೆ, ಚೆಂದಾಗಿ ಗುರಿಯ ಮೇಲೇ ಬೀಳುತ್ತದೆ, ಧೂಳೆದ್ದು ಸುಮ್ಮನಾಗುತ್ತದೆ. ಮಾಡ್ಯೂಲ್ ಕೆಟ್ಟಿದೆ ಎಂದು ಗೊಣಗುವ ಮುನ್ನ ಈ ಸ್ವಿಚ್ ನೋಡಿ. ಅದನ್ನು ನೋಸ್/ಟೇಲ್‌ನಲ್ಲಿಟ್ಟರೆ ಸಾಮಾನ್ಯ ಬಾಂಬುಗಳಿಗೆಲ್ಲ ಸಾಕು. ಸ್ವಿಚ್ ಸರಿಯಿದ್ದೂ ಸಿಡಿಯದಿದ್ದರೆ ನೀವು ತೀರ ಕೆಳಗಿನಿಂದ ಬಿಟ್ಟಿದ್ದೀರಿ ಎಂದರ್ಥ. ಫ್ಯೂಸ್ ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೀಳುವ ಸಮಯ ಬೇಕು.

ಬಾಂಬು ಬೇರ್ಪಡದೇ ಇದ್ದರೆ ಕಾರಣ ಬೇರೆ. ಆಯುಧದ ಚಕ್ರ ತಪ್ಪಾಗಿರಬೇಕು, ಸ್ಟೇಷನ್ ಸ್ವಿಚ್ ಕೆಳಗಿರಬೇಕು, ಇಲ್ಲವೇ ಗುಂಡಿಯನ್ನು ಒತ್ತಿ ತಕ್ಷಣ ಬಿಟ್ಟಿರಬೇಕು. 'ಕಂಪ್ಯೂಟರ್ ಟಾರ್ಗೆಟ್' ಮೋಡ್‌ನಲ್ಲಿ ಗುಂಡಿ ಒತ್ತುವುದೆಂದರೆ ನಿಮ್ಮ ಒಪ್ಪಿಗೆ ಮಾತ್ರ. ಬಿಡುವ ಕ್ಷಣ ಕಂಪ್ಯೂಟರಿನದು, ಅದುವರೆಗೂ ಬೆರಳು ಎತ್ತುವಂತಿಲ್ಲ. ಈ ಮೋಡ್‌ನಲ್ಲಿ ಹಡ್‌ನಲ್ಲಿ (ಪೈಲಟ್ ಕಣ್ಣೆದುರಿನ ಗಾಜಿನ ಮೇಲೆ ಚಿಹ್ನೆ ತೋರಿಸುವ ವ್ಯವಸ್ಥೆ) ಒಂದು ವಜ್ರಾಕೃತಿ ಕಾಣುತ್ತದೆ. ವಿಮಾನ ತಿರುಗಿಸಿ ಅದನ್ನು ಗುರಿಯ ನೇರಕ್ಕೆ ತಂದು, ಟಾರ್ಗೆಟ್ ಡೆಸಿಗ್ನೇಟ್ ಸ್ವಿಚ್ ಮೇಲೆ-ಕೆಳಗೆ ಮಾಡಿ ಗುರಿಯ ಮೇಲೆ ಕೂರಿಸಿ, ಮುಂದಕ್ಕೆ ಒತ್ತಿ ಗುರುತು ಹಾಕಬೇಕು. ಆಮೇಲೆ ಹಡ್‌ನಲ್ಲಿ ಕಾಣುವ ಗೆರೆ ಹಿಡಿದು ಹಾರಿದರೆ ಆಯಿತು. ಸಮತಲವಾಗಿ ಹಾರುತ್ತಲೂ, ಸ್ವಲ್ಪ ಮೇಲೇರುತ್ತಲೂ ಹಾಕಬಹುದು.

'ಕಂಪ್ಯೂಟರ್ ಪೈಲಟ್' ಮೋಡ್ ಇದಕ್ಕಿಂತ ಸರಳ. ಬಾಂಬು ಎಲ್ಲಿ ಬೀಳುತ್ತದೋ ಆ ಬಿಂದು ಸದಾ ಹಡ್‌ನಲ್ಲಿ ಕಾಣುತ್ತಿರುತ್ತದೆ, ಗುರಿ ಅದರಡಿ ಬಂದಾಗ ಒತ್ತಬೇಕು. ರಾಕೆಟ್ಟಿಗೂ ಗನ್ನಿಗೂ ಇದೇ. ಆದರೆ ಸಮತಲವಾಗಿ ಹಾರಿದರೆ ಬಿಂದು ಹಡ್‌ನ ಕೆಳಗೆಲ್ಲೋ ಇಳಿದುಹೋಗುತ್ತದೆ, ಧುಮುಕಲೇಬೇಕು. ಟಾಮ್‌ಕ್ಯಾಟಿನ ಹಡ್‌ಗೆ ಪ್ರತ್ಯೇಕ ಗಾಜು ಕೂಡ ಇಲ್ಲ, ಚಿಹ್ನೆಗಳು ಮುಂದಿನ ಗಾಜಿನ ಮೇಲೇ ಬೀಳುತ್ತವೆ. ಮಟಮಟ ಮಧ್ಯಾಹ್ನ ಮರಳುಗಾಡಿನ ಮೇಲೆ ಧುಮುಕುವಾಗ ಹಸಿರು ಬಿಂದು ಮಾಸಿಹೋಗುತ್ತದೆ. ಹಡ್ ಪ್ರಕಾಶ ಮೊದಲೇ ಏರಿಸಿಟ್ಟುಕೊಳ್ಳಿ.

ಧುಮುಕುವುದಕ್ಕೆ ಒಂದು ನಂಬಿಗಸ್ತ ಲೆಕ್ಕ: ನೆಲದಿಂದ 12,000 ಅಡಿಯಲ್ಲಿ ಮಗುಚಿ, 30 ಡಿಗ್ರಿ ಕೋನದಲ್ಲಿ, 450 ನಾಟ್ ವೇಗಕ್ಕೆ ತನ್ನಿ. ಆಗ ಸೆಕೆಂಡಿಗೆ ಸುಮಾರು 380 ಅಡಿ ಎತ್ತರ ಕರಗುತ್ತದೆ. 5,500 ಅಡಿಯ ಹೊತ್ತಿಗೆ ಬಾಂಬು ಬಿಟ್ಟಾಗಿರಬೇಕು. ಅಂದರೆ ಬಿಂದುವನ್ನು ಗುರಿಯ ಮೇಲೆ ಕೂರಿಸಲು ನಿಮಗೆ ಸಿಗುವುದು 17 ಸೆಕೆಂಡು, ಅದರಲ್ಲಿ ಅರ್ಧ ವಿಮಾನ ನೆಟ್ಟಗಾಗುವುದಕ್ಕೇ ಹೋಗುತ್ತದೆ. ಬಿಟ್ಟ ಮೇಲೆ 4 ಜಿ (ಗುರುತ್ವದ ನಾಲ್ಕು ಪಟ್ಟು ಬಲ) ಎಳೆದರೆ, ಎಳೆತ ಪೂರ್ತಿ ಬರುವ ಒಂದೆರಡು ಸೆಕೆಂಡು ಸೇರಿಸಿ, ಇನ್ನೂ ಸುಮಾರು 1,500 ಅಡಿ ಕಳೆಯುತ್ತದೆ. ಉಳಿಯುವ 4,000 ಅಡಿ ನಿಮ್ಮದೇ ಬಾಂಬಿನ ಚೂರುಗಳಿಂದ ದೂರವಿರಲು. 'ಇನ್ನೊಂಚೂರು ಹತ್ತಿರ ಹೋಗೋಣ' ಎನ್ನುವ ಆಸೆಯೇ ಇಲ್ಲಿ ಹೆಚ್ಚು ಜನರನ್ನು ಕೊಲ್ಲುವುದು.

ಸಾಲು ಬಾಂಬಿನ ಅಂತರವನ್ನು ರಿಯೊ ಫಲಕದಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಇಡುತ್ತಾರೆ. 450 ನಾಟ್ ಎಂದರೆ ಸೆಕೆಂಡಿಗೆ ಸುಮಾರು 230 ಮೀಟರ್. 100 ಮಿಲಿಸೆಕೆಂಡ್ ಇಟ್ಟರೆ ಸಮತಲ ಹಾರಾಟದಲ್ಲಿ ಒಂದಕ್ಕೂ ಇನ್ನೊಂದಕ್ಕೂ 23 ಮೀಟರ್. ನಾಲ್ಕು ಬಾಂಬು ಸುಮಾರು 70 ಮೀಟರ್ ಉದ್ದಕ್ಕೆ ಹರಡುತ್ತವೆ. ನಿಂತ ಟ್ರಕ್ ಸಾಲಿಗೆ ಇದು ಸರಿ. ಒಂದೇ ಟ್ಯಾಂಕಿಗೆ ಇದು ದಂಡ, ಅಂತರ ಕಡಿಮೆ ಮಾಡಿ.

ಇಲ್ಲೊಂದು ಪುಟ್ಟ ಸಂಗತಿ ಮಾಡ್ಯೂಲ್ ಮಾಡಿದವರ ಶ್ರದ್ಧೆಗೆ ಸಾಕ್ಷಿ. ಥ್ರಾಟಲ್ ಮೇಲೆ ರೆಕ್ಕೆಯನ್ನು ಹಿಂದೆ-ಮುಂದೆ ಸರಿಸುವ ಸ್ವಿಚ್ಚಿಗೆ ಆಟೋ, ಫಾರ್ವರ್ಡ್, ಆಫ್ಟ್ ಜೊತೆಗೆ 'ಬಾಂಬ್' ಎಂಬ ನಾಲ್ಕನೇ ಸ್ಥಾನವಿದೆ. ಒತ್ತಿದರೆ ರೆಕ್ಕೆಗಳು ಕನಿಷ್ಠ 55 ಡಿಗ್ರಿಗೆ ಹಿಂದಕ್ಕೆ ಸರಿದು ನಿಲ್ಲುತ್ತವೆ. ಧುಮುಕುವಾಗ ಗಾಳಿಯ ಕುಲುಕಾಟ ತಗ್ಗಿ ಹಡ್‌ನ ಬಿಂದು ನಡುಗುವುದು ಕಡಿಮೆಯಾಗುತ್ತದೆ. ವೇಗ ಇಳಿದರೂ ರೆಕ್ಕೆ ಮುಂದೆ ಬರುವುದಿಲ್ಲ ಎಂಬುದೇ ಇದರ ಅಪಾಯ. ಬಾಂಬು ಬಿಟ್ಟು ಮೇಲೇರುತ್ತ 250 ನಾಟ್‌ಗೆ ಬಿದ್ದರೆ ವಿಮಾನ ಕಲ್ಲಿನ ಹಾಗೆ ಕುಸಿಯುತ್ತದೆ. ಇಳಿಯಲು ಬಂದಾಗಲೂ ಅದೇ ಸ್ಥಾನದಲ್ಲಿದ್ದರೆ ಫ್ಲಾಪ್ ಬಿಚ್ಚುವುದೇ ಇಲ್ಲ. ಮೇಲೆಳೆದ ಕೂಡಲೆ ಆಟೋಗೆ ಮರಳಿಸುವುದನ್ನು ಬೆರಳಿಗೆ ರೂಢಿ ಮಾಡಿಸಿ.

ಗನ್ನಿನಲ್ಲಿ 676 ಗುಂಡುಗಳಿವೆ, ನಿಮಿಷಕ್ಕೆ 6,000ದ ವೇಗದಲ್ಲಿ ಏಳು ಸೆಕೆಂಡಿಗೂ ಸಾಲದು. ಟ್ರಕ್‌ಗಳಿಗೆ ಆಗುತ್ತದೆ, ಟ್ಯಾಂಕಿಗೆ ಅದನ್ನು ಹೊತ್ತುಕೊಂಡು ಹೋಗಬೇಡಿ. ಜೂನಿ ರಾಕೆಟ್ ನೋಡಲು ಮಜಾ, ಅದಕ್ಕಿಂತ ಹೆಚ್ಚೇನಿಲ್ಲ.

ಈ ಮಾಡ್ಯೂಲಿಗೆ ದುಡ್ಡು ಕೊಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ಲ್ಯಾಂಟರ್ನ್ ಪಾಡ್. ಬಲರೆಕ್ಕೆಯ ಬುಡದ 8ಬಿ ಸ್ಟೇಷನ್‌ನಲ್ಲಿ ಇದು ತೂಗುತ್ತದೆ. ಹಾರ್ನೆಟ್ಟಿನ ಪಾಡ್ ಇಡೀ ವಿಮಾನದ ಜತೆ ಮಾತಾಡುತ್ತದೆ, ಟಾಮ್‌ಕ್ಯಾಟಿನದು ಬಾಡಿಗೆ ಮನೆಯವನ ಹಾಗೆ ತನ್ನಷ್ಟಕ್ಕೇ ಇರುತ್ತದೆ. ಅದಕ್ಕೆ ಸ್ವಂತ ಜಿಪಿಎಸ್ ಇದೆ, ಸ್ವಂತ ದಿಕ್ಸೂಚಿ ವ್ಯವಸ್ಥೆ ಇದೆ, ಬಾಂಬು ಯಾವಾಗ ಬಿಡಬೇಕೆಂಬ ಲೆಕ್ಕವನ್ನೂ ತಾನೇ ಹಾಕುತ್ತದೆ. ರಿಯೊ ಎಡಗೈ ಬಳಿ ಅದಕ್ಕೆಂದೇ ಒಂದು ಹಿಡಿ ಕೂರಿಸಿದ್ದಾರೆ. ನಿಜವಾದ ವಿಮಾನದಲ್ಲೂ ಹೀಗೇ ಇತ್ತು. ವಿಮಾನದ ಮುಖ್ಯ ಸಾಫ್ಟ್‌ವೇರ್ ಮುಟ್ಟದೆ ಬೇಗ ಕೆಲಸ ಮುಗಿಸಲು ಕಂಡುಕೊಂಡ ದಾರಿ ಅದು.

ಬಳಸುವ ಕ್ರಮ ಹೀಗೆ. ಪಾಡ್ ಬಿಸಿಯಾಗಿ ದಿಕ್ಕು ಹಿಡಿಯಲು ಕೆಲವು ನಿಮಿಷ ಬೇಕು. ಎಂಜಿನ್ ಹೊತ್ತಿದ ಕೂಡಲೆ ಹಿಂದಿನ ಸೀಟಿನಿಂದ ವಿದ್ಯುತ್ ಕೊಟ್ಟುಬಿಡಿ, ಗುರಿಯ ಹತ್ತಿರ ಬಂದು ನೆನಪಾದರೆ ಪ್ರಯೋಜನವಿಲ್ಲ. ವಿಡಿಯೋವನ್ನು ರಿಯೊ ತನ್ನ ದೊಡ್ಡ ಪರದೆಗೆ ತರಬೇಕು. ಪೈಲಟ್ ತನ್ನ ಮುಂದಿನ ವಿಡಿಐ ಪರದೆಯನ್ನು ಟಿವಿ ಮೋಡ್‌ಗೆ ಹಾಕಿದರೆ ಅವನಿಗೂ ಅದೇ ಚಿತ್ರ. ಪಾಡಿನ ಕಣ್ಣನ್ನು ವೇಪಾಯಿಂಟ್ (ಮೊದಲೇ ಗುರುತಿಟ್ಟ ಜಾಗ) ಕಡೆ ತಿರುಗಿಸಿ, ಗುರಿ ಹುಡುಕಿ, ಮೊದಲು ಜಾಗವನ್ನು ಹಿಡಿಯುವ ಏರಿಯಾ ಟ್ರ್ಯಾಕ್‌ನಲ್ಲಿ ನಿಲ್ಲಿಸಿ, ವಾಹನ ಸ್ಪಷ್ಟವಾದ ಮೇಲೆ ಆ ವಾಹನವನ್ನೇ ಹಿಡಿಯುವ ಪಾಯಿಂಟ್ ಟ್ರ್ಯಾಕ್ ಮಾಡಿ. ಲೇಸರ್ ಆರ್ಮ್ ಸ್ವಿಚ್ ಎತ್ತಿ. ದಾಳಿಯ ಮೋಡ್ 'ಮ್ಯಾನ್ಯುಯಲ್'ನಲ್ಲಿರಲಿ. ಕಂಪ್ಯೂಟರ್ ಟಾರ್ಗೆಟ್‌ನಲ್ಲೇ ಉಳಿದರೆ ವಿಮಾನದ ಕಂಪ್ಯೂಟರಿಗೆ ಪಾಡ್ ನೋಡುತ್ತಿರುವ ಗುರಿಯ ಸುದ್ದಿಯೇ ಇರುವುದಿಲ್ಲ. ಪರದೆಯ ಮೇಲೆ ಉಳಿದ ಸೆಕೆಂಡುಗಳು ಇಳಿಯುತ್ತ ಹೋಗುತ್ತವೆ, ಸೊನ್ನೆಗೆ ಬಂದಾಗ ಪೈಲಟ್ ಗುಂಡಿ ಒತ್ತುತ್ತಾನೆ. 20,000 ಅಡಿ ಎತ್ತರದಿಂದ ಬಿಟ್ಟ ಬಾಂಬು ನೆಲ ಮುಟ್ಟಲು 35ರಿಂದ 40 ಸೆಕೆಂಡು. ಅಷ್ಟು ಹೊತ್ತು ಪಾಡ್ ಗುರಿಯನ್ನು ಬಿಟ್ಟು ಕದಲಬಾರದು.

ಕೆಡುವುದೂ ಆ 40 ಸೆಕೆಂಡಿನಲ್ಲೇ. ಪಾಡ್ ಬಲಭಾಗದಲ್ಲಿರುವುದರಿಂದ ಗುರಿ ಎಡಕ್ಕೆ ಬಂದರೆ ವಿಮಾನದ ಒಡಲೇ ಅಡ್ಡ ಬರುವ ಸಂಭವ ಹೆಚ್ಚು. ಬಾಂಬು ಬಿಟ್ಟ ಮೇಲೆ ನಯವಾಗಿ ಎಡಕ್ಕೆ ವಾಲಿ, ಗುರಿ ನಿಮ್ಮ ಬಲಕ್ಕೆ ಉಳಿಯುವಂತೆ ನೋಡಿಕೊಳ್ಳಿ. ಗುರಿಯ ಸುತ್ತ ಸುತ್ತುತ್ತಿದ್ದರೆ ಸುತ್ತು ಬಲಗಡೆಗಿರಲಿ. ನೆಲದಿಂದ ಕ್ಷಿಪಣಿ ಬಂತೆಂದು ಗಾಬರಿಯಾಗಿ ಮಗುಚಿದರೆ ಆ ಬಾಂಬಿಗೆ ಎಳ್ಳು-ನೀರು ಬಿಟ್ಟಂತೆಯೇ.

ಇನ್ನೊಂದು ತಪ್ಪು ಲೇಸರ್ ಕೋಡಿನದು. ಬಾಂಬಿನ ಕೋಡೂ ಪಾಡಿನ ಕೋಡೂ ಒಂದೇ ಇರಬೇಕು. ಮೊದಲಿಗೆ ಎರಡೂ 1688 ಇರುತ್ತವೆ. ಜತೆಗಾರನ ಜೊತೆ ಹೊರಟಾಗ ಒಬ್ಬರು ಬದಲಿಸಬೇಕು, ಬಾಂಬಿನ ಕೋಡನ್ನು ನೆಲದ ಮೇಲಿರುವಾಗಲೇ ಬದಲಿಸಬೇಕು. ಮೂರನೆಯದು, ಕೆಳಗಿನಿಂದ ಎತ್ತಿ ಎಸೆಯುವ ದಾಳಿಯಲ್ಲಿ ಲೇಸರನ್ನು ಬಹಳ ಬೇಗ ಹೊತ್ತಿಸುವುದು. ಜಿಬಿಯು-10, 12, 16 ಮೂರೂ ಪೇವ್‌ವೇ-2 ಜಾತಿಯವು. ಅವುಗಳ ರೆಕ್ಕೆ ಒಂದೋ ಪೂರ್ತಿ ತಿರುಗುತ್ತದೆ, ಇಲ್ಲವೇ ತಿರುಗುವುದೇ ಇಲ್ಲ. ಬೇಗ ಲೇಸರ್ ಕಂಡರೆ ಆಗಿನಿಂದಲೇ ಗುರಿಯತ್ತ ಬಾಗಿ, ಹಾಗೆ ಬಾಗಿ ಬಾಗಿ ವೇಗ ಕಳೆದುಕೊಂಡು, ಗುರಿಗಿಂತ ಮುಂಚೆಯೇ ಬೀಳುತ್ತವೆ. ಎತ್ತರದಿಂದ ಬಿಡುವಾಗ ಚಿಂತೆಯಿಲ್ಲ. ತಗ್ಗಿನಲ್ಲಿ ಹಾರಿ ಬಿಡಬೇಕಾದರೆ ಜಿಬಿಯು-24 ಒಯ್ಯಿರಿ. ಅದು ಪೇವ್‌ವೇ-3, ರೆಕ್ಕೆಯನ್ನು ಬೇಕಾದಷ್ಟೇ ತಿರುಗಿಸುತ್ತದೆ.

ಹಿಂದಿನ ಸೀಟಿನಲ್ಲಿ ಮನುಷ್ಯ ಇಲ್ಲದಿದ್ದರೆ ಜೆಸ್ಟರ್ ಇದ್ದಾನೆ, ಹೀಟ್‌ಬ್ಲರ್‌ನವರ ಕೃತಕ ರಿಯೊ. ಚಕ್ರದಂಥ ಮೆನು ತೆರೆದು ಬಾಂಬು, ಫ್ಯೂಸ್, ಸಾಲು ಎಲ್ಲ ಹೇಳಬಹುದು. ಪಾಡ್ ಹಿಡಿದು ಗುರಿಯನ್ನೂ ಹುಡುಕಿಕೊಡುತ್ತಾನೆ. ಗಾಳಿಕಾಳಗದಲ್ಲಿ ಅವನು ನಿಜಕ್ಕೂ ಆಸರೆ. ಬಾಂಬಿನಲ್ಲಿ ಅಷ್ಟಕ್ಕಷ್ಟೆ. ಮೆನುವಿನೊಳಗೆ ಮೆನು ತೆರೆಯುತ್ತ ಧುಮುಕಲು ಆಗುವುದಿಲ್ಲ, ಹತ್ತು ವಾಹನಗಳ ಗುಂಪಿನಲ್ಲಿ ನಿಮಗೆ ಬೇಕಾದ ಒಂದನ್ನು ಅವನಿಗೆ ತೋರಿಸುವುದೂ ಸುಲಭವಲ್ಲ. ಆದ್ದರಿಂದ ಗುರಿಗೆ 40 ಮೈಲು ದೂರದಲ್ಲೇ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ. ಸಮತಲ ಹಾರಾಟದಲ್ಲಿ ಹಿಂದಿನ ಸೀಟಿಗೆ ನೀವೇ ಜಿಗಿದು ಸ್ವಿಚ್ ಹಾಕಿ ಬರುವ ಉಪಾಯವೂ ಇದೆ, ಆಟೋಪೈಲಟ್ ಹಾಕಿಟ್ಟಿರಬೇಕು ಅಷ್ಟೆ. ಸ್ನೇಹಿತರೊಬ್ಬರು ರಿಯೊ ಆದರೆ ಮಾತ್ರ ಈ ವಿಮಾನದ ಬಾಂಬಿನ ಕೆಲಸಕ್ಕೆ ಜೀವ ಬರುತ್ತದೆ. ಇಬ್ಬರೂ ಮಾಡ್ಯೂಲ್ ಕೊಂಡಿರಬೇಕು, ಒಬ್ಬರದು ಇಬ್ಬರಿಗೆ ಸಾಲದು.

ವಾಪಸ್ ಹಡಗಿಗೆ ಬರುವಾಗ ಇನ್ನೊಂದು ಲೆಕ್ಕ ಕಾದಿರುತ್ತದೆ. ಹಡಗಿನ ತಂತಿಗೆ ಸಿಕ್ಕಿಸಿಕೊಂಡು ಇಳಿಯುವಾಗ ಒಟ್ಟು ತೂಕ 54,000 ಪೌಂಡ್ ಮೀರಬಾರದು. ಹಾಕದೆ ಉಳಿದ ಒಂದು ಜಿಬಿಯು-24 ಸುಮಾರು 2,300 ಪೌಂಡ್. ಅಷ್ಟು ಇಂಧನ ಕಡಿಮೆ ಇಟ್ಟುಕೊಂಡು ಬರಬೇಕು, ಅಂದರೆ ಮೊದಲ ಪ್ರಯತ್ನ ತಪ್ಪಿದರೆ ಎರಡನೆಯದಕ್ಕೆ ಕೈ ಕಟ್ಟಿದಂತೆ. ಬಾಂಬೂ ಫೀನಿಕ್ಸೂ ಎರಡನ್ನೂ ತುಂಬಿಕೊಂಡು ಹೊರಡುವ ಆಸೆ ಇಲ್ಲೇ ಸೋಲುವುದು. ಸುರಂಗದಲ್ಲಿ ಎರಡರಿಂದ ನಾಲ್ಕು ಜಿಬಿಯು-12, 8ಬಿಯಲ್ಲಿ ಪಾಡ್, ಎರಡು ಸೈಡ್‌ವೈಂಡರ್ ಕ್ಷಿಪಣಿ, ಎಡರೆಕ್ಕೆಯ ಬುಡದ 1ಬಿಯಲ್ಲಿ ಒಂದು ಸ್ಪ್ಯಾರೋ ಕ್ಷಿಪಣಿ, ಇಂಧನದ ಎರಡು ಹೊರಟ್ಯಾಂಕ್. ಇದು ಹೋಗಿಬರಲು ನೆಮ್ಮದಿಯ ಹೊರೆ. ಇಷ್ಟು ಹೊತ್ತೂ ಟಾಮ್‌ಕ್ಯಾಟ್ ಹಾರ್ನೆಟ್ಟಿಗಿಂತ ದೂರ ಹೋಗಿ, ಹೆಚ್ಚು ಹೊತ್ತು ಗುರಿಯ ಮೇಲೆ ನಿಲ್ಲುತ್ತದೆ. ನೌಕಾಪಡೆ ಇದನ್ನು ಬಾಂಬಿಗೆ ಹಚ್ಚಿದ್ದರ ಗುಟ್ಟೂ ಅದೇ.

ಬೆಲೆ ರಿಯಾಯಿತಿ ಇಲ್ಲದಾಗ 79.99 ಡಾಲರ್. ವರ್ಷದಲ್ಲಿ ಹಲವು ಸಲ ರಿಯಾಯಿತಿ ಬರುತ್ತದೆ, ಪೂರ್ತಿ ಬೆಲೆ ಕೊಡುವ ಅಗತ್ಯವಿಲ್ಲ. ಫಾರೆಸ್ಟಲ್ ವಿಮಾನವಾಹಕ ಹಡಗು ಮಾಡ್ಯೂಲಿನ ಜೊತೆಗೇ ಬರುತ್ತದೆ. ಕಾಕಸಸ್, ಮರಿಯಾನಾಸ್ ನಕ್ಷೆಗಳು ಉಚಿತ, ಕಲಿಯಲು ಅವು ಸಾಕು. ಕಂಪ್ಯೂಟರ್ ಕಡೆಯಿಂದ 32 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇಲ್ಲದೆ ಕೈ ಹಾಕಬೇಡಿ. ಹೆಬ್ಬೆರಳಿನಿಂದ ನಾಲ್ಕೂ ದಿಕ್ಕಿಗೆ ತಳ್ಳುವ ಎರಡು ಹ್ಯಾಟ್ ಸ್ವಿಚ್ ಇರುವ ಜಾಯ್‌ಸ್ಟಿಕ್, ಪ್ರತ್ಯೇಕ ಥ್ರಾಟಲ್ ಇರಲೇಬೇಕು. ಕೀಬೋರ್ಡಿನಲ್ಲಿ ಪಾಡ್ ತಿರುಗಿಸುವುದು ಶಿಕ್ಷೆ.

ಅಷ್ಟು ದುಡ್ಡು ಬೇಡ, ಗಾಳಿಕಾಳಗದ ವಿಮಾನದಿಂದ ಬಾಂಬು ಹಾಕುವ ರುಚಿ ಮಾತ್ರ ನೋಡಬೇಕು ಎನ್ನುವವರಿಗೆ ಡಿಸಿಎಸ್‌ನದೇ ಸು-27 ಇದೆ. ಮಾಮೂಲಿ ಬಾಂಬು, ರಾಕೆಟ್ ಮಾತ್ರ, ಸ್ವಿಚ್‌ಗಳ ಗೋಜಿಲ್ಲ, ಒಂದು ಸಂಜೆಯಲ್ಲಿ ಕಲಿಯಬಹುದು. ಫ್ಲೇಮಿಂಗ್ ಕ್ಲಿಫ್ಸ್ ಎಂಬ ಡಿಸಿಎಸ್ ವಿಮಾನಗಳ ಕಟ್ಟಿನ ಎಫ್-15ಸಿ ಕೊಳ್ಳುವ ಮುನ್ನ ಮಾತ್ರ ಎಚ್ಚರ. ಅದಕ್ಕೆ ಒಂದೇ ಒಂದು ಬಾಂಬೂ ಕಟ್ಟಲಾಗದು.

ಡಿಸಿಎಸ್‌ನ ಸ್ವಂತ ಅಂಗಡಿಯಲ್ಲಿ ಬಹುತೇಕ ಮಾಡ್ಯೂಲ್‌ಗಳನ್ನು ಎರಡು ವಾರ ಪುಕ್ಕಟೆ ಹಾರಿಸಿ ನೋಡಬಹುದು, ಆಟಗಳ ಇನ್ನೊಂದು ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆ ಸೌಲಭ್ಯವಿಲ್ಲ. ಆ ಎರಡು ವಾರದ ಮೊದಲ ಕೆಲವು ದಿನ ಬಾಂಬು ಮುಟ್ಟದೆ, ಇಂಧನ ತುಂಬಿಸುವುದು, ವಿಮಾನ ಇಳಿಸುವುದು ಇಷ್ಟನ್ನೇ ಕಲಿಯಿರಿ. ಆಮೇಲೆ ಅಭ್ಯಾಸದ ಬಾಂಬಾದ ಬಿಡಿಯು-33 ಕಟ್ಟಿಕೊಂಡು ಕಂಪ್ಯೂಟರ್ ಪೈಲಟ್ ಮೋಡ್‌ನಲ್ಲಿ ಧುಮುಕಿ. ಲ್ಯಾಂಟರ್ನ್ ಕೊನೆಗೆ, ಅದೂ ಜೆಸ್ಟರ್‌ಗೆ ಬಿಡುವ ಮುಂಚೆ ಒಮ್ಮೆ ಹಿಂದಿನ ಸೀಟಿನಲ್ಲಿ ನೀವೇ ಕೂತು.